ಚೌಕಾಬಾರದ ಮಣೆಯ ಮೇಲೆ ಗಣಕಯಂತ್ರದ ತರ್ಕ

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಹೊರಟ ಹೊಸಬರು ಎಡವುವುದು ಹೆಚ್ಚಾಗಿ ಗಣಿತದಲ್ಲಲ್ಲ, ಷರತ್ತಿನಲ್ಲಿ. 'ಹೀಗಾದರೆ ಇದನ್ನು ಮಾಡು, ಇಲ್ಲವಾದರೆ ಅದನ್ನು ಮಾಡು' ಎಂಬ ಮಾತೇ ಷರತ್ತು. ಯಂತ್ರವು ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಅದು ಕೊಟ್ಟ ಷರತ್ತನ್ನು ಪರೀಕ್ಷಿಸಿ, ಉತ್ತರ 'ಹೌದು' ಎಂದಾದರೆ ಒಂದು ದಾರಿ, 'ಅಲ್ಲ' ಎಂದಾದರೆ ಇನ್ನೊಂದು ದಾರಿ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ಇಫ್' ಎಂಬ ಬೇರೆಯೇ ಪದ ಬೇಕು. ಕನ್ನಡದಲ್ಲಿ ಅದು ಕ್ರಿಯಾಪದದ ಕೊನೆಯಲ್ಲೇ ಅಂಟಿಕೊಂಡಿದೆ: ಮಳೆ ಬಂದರೆ, ಹಾಲು ಉಕ್ಕಿದರೆ, ಗಂಟೆ ಹೊಡೆದರೆ. ದಿನಕ್ಕೆ ನೂರು ಸಲ ನಾವು ಇದನ್ನು ಬಳಸುತ್ತೇವೆ. ಆದರೆ ಯಂತ್ರಕ್ಕೆ ಬೇಕಾದಷ್ಟು ಖಚಿತವಾಗಿ ಬಳಸುವುದಿಲ್ಲ.

ಈ ಖಚಿತತೆಯನ್ನು ಕಲಿಯಲು ದುಬಾರಿ ಸಲಕರಣೆ ಬೇಕಿಲ್ಲ. ನಮ್ಮ ಜಗಲಿಯ ಮೇಲೆ ಸೀಮೆಸುಣ್ಣದಿಂದ ಬರೆದು ಆಡುವ ಚೌಕಾಬಾರವೇ ಸಾಕು. ಐದಕ್ಕೆ ಐದರಂತೆ 25 ಮನೆಗಳು. ಹೊರಸುತ್ತಿನಲ್ಲಿ 16, ಒಳಸುತ್ತಿನಲ್ಲಿ 8, ನಡುವೆ ಹಣ್ಣಾಗುವ 1 ಮನೆ. ನಾಲ್ಕು ಕವಡೆಗಳು. ನಿಯಮಗಳು ಊರಿಂದ ಊರಿಗೆ ಸ್ವಲ್ಪ ಬೇರೆಯಾಗುತ್ತವೆ. ಬಹಳ ಮನೆಗಳಲ್ಲಿ ನಡೆಯುವ ರೂಢಿಯನ್ನೇ ಇಲ್ಲಿ ತೆಗೆದುಕೊಳ್ಳೋಣ.

ಮೊದಲು ಕವಡೆಯ ಲೆಕ್ಕ. ಅಂಗಾತ ಬಿದ್ದ ಕವಡೆಗಳನ್ನು ಎಣಿಸುತ್ತೇವೆ. ಒಂದು ಬಿದ್ದರೆ 1, ಎರಡಕ್ಕೆ 2, ಮೂರಕ್ಕೆ 3. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಇದನ್ನು ಯಂತ್ರಕ್ಕೆ ಹೇಳಲು ಐದು ಸಾಲು ಬೇಕೆಂದು ನಿಮಗೆ ತೋರಬಹುದು. ಎರಡೇ ಸಾಲು ಸಾಕು:

ಅಂಗಾತ ಬಿದ್ದವು 0 ಆದರೆ, ನಡೆ 8.
ಇಲ್ಲವಾದರೆ, ಅಂಗಾತ ಬಿದ್ದವು ಎಷ್ಟೋ ಅಷ್ಟೇ ನಡೆ.

ವಿಶೇಷವಾದ ಒಂದು ಸಂದರ್ಭವನ್ನು ಬೇರ್ಪಡಿಸಿ, ಉಳಿದುದನ್ನೆಲ್ಲ 'ಇಲ್ಲವಾದರೆ' ಎಂಬುದಕ್ಕೆ ಒಪ್ಪಿಸುವುದು ಪ್ರೋಗ್ರಾಂ ಬರೆಯುವವರ ಮೊದಲ ಜಾಣತನ.

ಈಗ ಒಂದು ಬಲೆ ಇದೆ, ಎಚ್ಚರಿಕೆಯಿಂದ ನೋಡಿ. 'ಚೌಕಕ್ಕೂ ಬಾರಕ್ಕೂ ಇನ್ನೊಂದು ಸಲ ಕವಡೆ ಹಾಕಬಹುದು' ಎನ್ನುತ್ತೇವೆ. ಎರಡು 'ಊ' ಬಂದಿರುವುದರಿಂದ ಇಲ್ಲಿ 'ಮತ್ತು' ಇದೆಯೆಂದು ಅನಿಸುತ್ತದೆ. ಹಾಗೆಂದು 'ನಡೆ 4 ಆಗಿದ್ದರೆ ಮತ್ತು ನಡೆ 8 ಆಗಿದ್ದರೆ, ಮತ್ತೆ ಹಾಕು' ಎಂದು ಬರೆದುಕೊಟ್ಟರೆ, ಆಟಗಾರನಿಗೆ ಇನ್ನೊಂದು ಸರದಿ ಎಂದೂ ಸಿಗುವುದಿಲ್ಲ. ಒಂದೇ ಎಸೆತ ಏಕಕಾಲಕ್ಕೆ 4 ಕೂಡ 8 ಕೂಡ ಆಗಲಾರದಷ್ಟೆ! ಯಂತ್ರಕ್ಕೆ ಹೇಳಬೇಕಾದದ್ದು 'ಅಥವಾ'. ಮಾತನ್ನು ಕೇಳಿದವರು ನಮ್ಮ ಇಂಗಿತವನ್ನು ಊಹಿಸಿಕೊಳ್ಳುತ್ತಾರೆ. ಯಂತ್ರ ಊಹಿಸುವುದಿಲ್ಲ. 1854ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜಾರ್ಜ್ ಬೂಲ್ ಎಂಬ ಗಣಿತಜ್ಞರು ಇಂತಹ 'ಮತ್ತು', 'ಅಥವಾ', 'ಅಲ್ಲ'ಗಳನ್ನು ಬೀಜಗಣಿತದಂತೆ ಚಿಹ್ನೆಗಳಲ್ಲಿ ಬರೆದು ತೋರಿಸಿದರು. ಇಂದಿನ ಗಣಕಯಂತ್ರಗಳ ತರ್ಕ ಆ ನೆಲೆಗಟ್ಟಿನ ಮೇಲೆಯೇ ನಿಂತಿದೆ.

'ಮತ್ತು' ನಿಜವಾಗಿ ಬೇಕಾಗುವುದು ಕಾಯಿ ಕಡಿಯುವಾಗ. ನಿಮ್ಮ ಕಾಯಿ ಹೋಗಿ ನಿಂತ ಮನೆಯಲ್ಲಿ ಎದುರಾಳಿಯ ಕಾಯಿ ಇರಬೇಕು, ಮತ್ತು ಅದು ಗೀಟು ಹಾಕಿದ ಮನೆ ಆಗಿರಬಾರದು. ಎರಡೂ ನಿಜವಾದರೆ ಮಾತ್ರ ಕಡಿಯಬಹುದು. ಎರಡನೆಯ ಮಾತನ್ನು ಬರೆಯಲು ಮರೆತರೆ, ಗೀಟಿನ ಮನೆಯ ರಕ್ಷಣೆ ಸದ್ದಿಲ್ಲದೆ ಮಾಯವಾಗುತ್ತದೆ. ಯಂತ್ರ ತಪ್ಪು ತೋರಿಸಿ ನಿಲ್ಲುವುದಿಲ್ಲ, ಆಟವೂ ನಡೆಯುತ್ತಲೇ ಇರುತ್ತದೆ. ಆದರೆ ಅದು ಚೌಕಾಬಾರವಲ್ಲ, ಬೇರೊಂದು ಆಟ.

ಇನ್ನೊಂದು ನಿಯಮ: ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇದಕ್ಕೆ ಈ ಕ್ಷಣದ ನಡೆಯನ್ನು ನೋಡಿದರೆ ಸಾಲದು, ಹಿಂದೆ ಆದದ್ದು ನೆನಪಿರಬೇಕು. ಹಾಗಾಗಿ ಪ್ರತಿ ಆಟಗಾರನ ಹೆಸರಿನಲ್ಲಿ ಒಂದು ಚೀಟಿ ಇಡಿ. ಮೊದಲು ಅದರಲ್ಲಿ 'ಇಲ್ಲ' ಎಂದಿರಲಿ. ಕಡಿದ ಕೂಡಲೇ 'ಹೌದು' ಎಂದು ತಿದ್ದಿ. ಒಳಸುತ್ತಿನ ಬಾಗಿಲಲ್ಲಿ ಯಂತ್ರ ಆ ಚೀಟಿಯನ್ನು ಓದುತ್ತದೆ. ಪ್ರೋಗ್ರಾಂ ಬರೆಯುವವರು ಚರಾಂಶ ಎಂದು ಕರೆಯುವುದು ಇಂತಹ ಚೀಟಿಯನ್ನೇ.

ಆಟಕ್ಕೆ ಜೀವ ತುಂಬಲು ಎಷ್ಟು ಷರತ್ತು ಬೇಕು? 1980ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆ ಹೊರತಂದ, ತೋರು ಇವಾತಾನಿ ರೂಪಿಸಿದ 'ಪ್ಯಾಕ್-ಮ್ಯಾನ್' ಆಟವನ್ನು ನೋಡಿ. ಅದರಲ್ಲಿ ನಾಲ್ಕು ಭೂತಗಳು ಆಟಗಾರನನ್ನು ಅಟ್ಟುತ್ತವೆ. ಬೆನ್ನಟ್ಟುವ ಹೊತ್ತಿನಲ್ಲಿ ಕೆಂಪು ಭೂತ ಅವನಿರುವ ಜಾಗಕ್ಕೇ ಗುರಿಯಿಡುತ್ತದೆ. ಕಿತ್ತಳೆ ಬಣ್ಣದ್ದಕ್ಕೆ ಮಾತ್ರ ಒಂದು ಷರತ್ತು: ಆಟಗಾರ ಎಂಟು ಚೌಕಗಳಿಗಿಂತ ದೂರವಿದ್ದರೆ ಅವನತ್ತ ಹೋಗು, ಅದಕ್ಕಿಂತ ಹತ್ತಿರವಾದರೆ ಕೆಳಗಿನ ಎಡಮೂಲೆಯತ್ತ ತಿರುಗು. ಇಷ್ಟೇ. ನೋಡುವವರಿಗೆ ಅದು ಧೈರ್ಯದಿಂದ ಬಂದು, ಹತ್ತಿರವಾದಂತೆ ಅಂಜಿ ಓಡುವ ಪುಕ್ಕಲನಂತೆ ಕಾಣುತ್ತದೆ. ಒಂದು 'ಆದರೆ', ಒಂದು 'ಇಲ್ಲವಾದರೆ' ಸೇರಿ ಒಂದು ಸ್ವಭಾವವೇ ಹುಟ್ಟಿತು.

ಕೊನೆಗೆ ಗಡಿಯ ಪ್ರಶ್ನೆ. ನಿಮ್ಮ ಕಾಯಿ ಹಣ್ಣಾಗಲು ಇನ್ನು 3 ಮನೆ ಉಳಿದಿದೆ ಎನ್ನಿ. 3 ಬಿದ್ದರೆ ಹಣ್ಣು. 2 ಬಿದ್ದರೆ ಎರಡು ಮನೆ ಮುಂದೆ. 4 ಬಿದ್ದರೆ? ಸರಿಯಾದ ಲೆಕ್ಕವೇ ಬೀಳಬೇಕೆಂಬ ರೂಢಿಯಿರುವ ಮನೆಯಲ್ಲಿ ಆ ಕಾಯಿ ಅಲ್ಲಾಡುವಂತಿಲ್ಲ. ಕಡಿಮೆ, ಸಮ, ಹೆಚ್ಚು ಎಂಬ ಮೂರೂ ಸಂದರ್ಭಗಳಿಗೆ ಉತ್ತರ ಬರೆದಿರಬೇಕು. 'ಸಮ'ವನ್ನು ಯಾವ ಕಡೆಗೆ ಸೇರಿಸಿದ್ದೇವೆ ಎಂಬುದರಲ್ಲಿಯೇ ಹೆಚ್ಚಿನ ತಪ್ಪುಗಳು ಅಡಗಿರುತ್ತವೆ.

ಇದು ಆಟದ ಮಾತಷ್ಟೇ ಅಲ್ಲ. ಒಂದು ಸವಲತ್ತು '60 ವರ್ಷ ತುಂಬಿದವರಿಗೆ' ಎಂದು ಆದೇಶವಾಗಿದೆ ಎಂದುಕೊಳ್ಳಿ. ಪ್ರೋಗ್ರಾಂ ಬರೆದವರು 'ವಯಸ್ಸು 60ಕ್ಕಿಂತ ಹೆಚ್ಚಾಗಿದ್ದರೆ' ಎಂದು ಬರೆದುಬಿಟ್ಟರು. ಯಂತ್ರ ವಯಸ್ಸನ್ನು ಪೂರ್ಣ ವರ್ಷಗಳಲ್ಲಿ ಎಣಿಸುತ್ತಿದ್ದರೆ, 60 ತುಂಬಿ ಹತ್ತು ತಿಂಗಳಾದ ಅಜ್ಜಿಯ ವಯಸ್ಸೂ ಅದಕ್ಕೆ ಬರೀ 60. 60 ಎಂಬುದು 60ಕ್ಕಿಂತ ಹೆಚ್ಚಲ್ಲ. ಅರ್ಜಿ ತಿರಸ್ಕೃತ! ಕಿಟಕಿಯ ಆಚೆ ಕುಳಿತ ನೌಕರರು 'ಕಂಪ್ಯೂಟರ್ ಒಪ್ಪುತ್ತಿಲ್ಲಮ್ಮ' ಎನ್ನುತ್ತಾರೆ. ಅಜ್ಜಿ 61ರವರೆಗೆ ಕಾಯಬೇಕು. ಇಲ್ಲಿ ಒಪ್ಪದಿರುವುದು ಕಂಪ್ಯೂಟರ್ ಅಲ್ಲ, ಯಾರೋ ಬರೆದ ಒಂದು ವಾಕ್ಯ. ಅದು ವಾಕ್ಯವೆಂದು ಗೊತ್ತಿದ್ದವರು ಮಾತ್ರ 'ಷರತ್ತನ್ನು ಹೇಗೆ ಬರೆದಿದ್ದೀರಿ, ತೋರಿಸಿ' ಎಂದು ಕೇಳಬಲ್ಲರು. ಪ್ರೋಗ್ರಾಂ ಬರೆಯುವ ಉದ್ಯೋಗಕ್ಕೆ ಹೋಗದ ಮಕ್ಕಳಿಗೂ ಈ ತರ್ಕ ಬೇಕಾಗಿರುವುದು ಈ ಕಾರಣಕ್ಕಾಗಿ.

ನೀವು ಮನೆಯಲ್ಲೇ ಪ್ರಯೋಗ ಮಾಡಬಹುದು. ಆಟದ ನಿಯಮಗಳನ್ನೆಲ್ಲ ಮಕ್ಕಳು ಒಂದು ಹಾಳೆಯಲ್ಲಿ ಬರೆಯಲಿ. ಚೌಕಾಬಾರವನ್ನು ಕಂಡರಿಯದವನಂತೆ ಒಬ್ಬರು 'ಯಂತ್ರ'ವಾಗಿ ಕುಳಿತು, ಹಾಳೆಯಲ್ಲಿ ಇದ್ದಷ್ಟನ್ನೇ ಮಾಡಲಿ. 'ಅದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ' ಎಂದು ಯಾರಾದರೂ ಕೂಗಿದ ಕಡೆ ಹಾಳೆಯಲ್ಲಿ ಒಂದು ಷರತ್ತು ಬಿಟ್ಟುಹೋಗಿದೆ ಎಂದು ತಿಳಿಯಿರಿ. ಅದನ್ನು ಸೇರಿಸಿ, ಮತ್ತೆ ಆಡಿ. ಗಣಕಯಂತ್ರವಿರುವವರು ಮುಂದಿನ ಹೆಜ್ಜೆಯಾಗಿ, ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡು 2007ರಲ್ಲಿ ಸಾರ್ವಜನಿಕರಿಗೆ ದೊರೆತ 'ಸ್ಕ್ರ್ಯಾಚ್' ಬಳಸಬಹುದು. ಅದು ಉಚಿತ. ಅದರಲ್ಲಿ ಷರತ್ತಿನ ಜಾಗ ಆರು ಮೂಲೆಯ ಗೂಡಿನಂತಿದ್ದು, ಹೌದು-ಅಲ್ಲ ಎಂಬ ಉತ್ತರವಿರುವ ತುಣುಕು ಮಾತ್ರ ಅಲ್ಲಿ ಕೂರುತ್ತದೆ.

ಆದರೆ ಹಾಳೆಯ ಆಟ ಮೊದಲು ಮುಗಿಯಲಿ. ನಿಯಮ ಹಾಳೆಯ ಮೇಲೆ ಸರಿಯಾದರೆ, ಅದನ್ನು ಯಂತ್ರಕ್ಕೆ ಇಳಿಸುವುದು ಕಷ್ಟವಲ್ಲ.