ಅಂಗಳದ ನೀಲಗಿರಿ: ಅಂದದ ಜೊತೆ ಎಚ್ಚರವೂ ಬೇಕು

ಬೂದುಬಣ್ಣದ ದುಂಡೆಲೆಗಳ 'ಸಿಲ್ವರ್ ಡಾಲರ್' ನೀಲಗಿರಿಯನ್ನು ಅನೇಕರು ಅಂದಕ್ಕಾಗಿ ಕೈತೋಟದಲ್ಲಿ ಬೆಳೆಸುತ್ತಾರೆ. "ಇದರ ಗಾಳಿ ಆರೋಗ್ಯಕ್ಕೆ ಒಳ್ಳೆಯದಂತೆ, ಸೊಳ್ಳೆಯೂ ಬರುವುದಿಲ್ಲವಂತೆ, ಹೌದೇ?" ಎಂದು ಕೇಳುವವರಿದ್ದಾರೆ.

ಈ ನಂಬಿಕೆ ಹಳೆಯದು. 19ನೇ ಶತಮಾನದಲ್ಲಿ ಇಟಲಿಯ ಜೌಗು ನೆಲಗಳಲ್ಲಿ ಮಲೇರಿಯಾ ತಡೆಯಲೆಂದೇ ಆಸ್ಟ್ರೇಲಿಯಾ ಮೂಲದ ಈ ಮರಗಳನ್ನು ನೆಟ್ಟರು. ಎಲೆಯ ವಾಸನೆ ಕೆಟ್ಟ ಗಾಳಿಯನ್ನು ಶುದ್ಧಮಾಡುತ್ತದೆಂದು ಆಗ ಭಾವಿಸಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಮರಗಳು ನೀರು ಹೀರಿ ಜೌಗು ಒಣಗಿದರೆ ಸೊಳ್ಳೆ ಕಡಿಮೆಯಾಗಬಹುದು. ಗಿಡದ ವಾಸನೆಗೆ ಅವು ಓಡಿಹೋಗುವುದಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗೆ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ.

ಎಲೆಯಲ್ಲಿರುವ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್. ಇದರ ಘಾಟಿನಿಂದ ಕಟ್ಟಿದ ಮೂಗು ಬಿಟ್ಟಂತೆ ಅನಿಸುತ್ತದೆ, ಆದರೆ ನೆಗಡಿ ಗುಣವಾಗುವುದಿಲ್ಲ. ಉಬ್ಬಸವಿರುವ ಕೆಲವರಿಗೆ ಇದೇ ಘಾಟಿನಿಂದ ಉಸಿರು ಕಟ್ಟಬಹುದು. ಎಲೆಯ ಕಷಾಯ ಮಾಡಿ ಕುಡಿಯುವುದು, ಮಕ್ಕಳು ಎಲೆ ಅಗಿಯುವುದು ಸಲ್ಲದು.

ನಿಜವಾದ ಅಪಾಯ ಇರುವುದು ಎಣ್ಣೆಯ ಶೀಸೆಯಲ್ಲಿ. ಕೇವಲ ಒಂದು ಟೀ ಚಮಚ, ಅಂದರೆ 5 ಮಿ.ಲೀ., ಮಗುವಿನ ಹೊಟ್ಟೆ ಸೇರಿದರೆ ಅರ್ಧ ಗಂಟೆಯೊಳಗೇ ಮಂಪರು, ಫಿಟ್ಸ್, ಪ್ರಜ್ಞೆ ತಪ್ಪುವುದು ಕಾಣಿಸಬಹುದು. ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಫಿಟ್ಸ್ ಬಂದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನನ್ನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. 108ಕ್ಕೆ ಕರೆ ಮಾಡಿ, ಶೀಸೆಯನ್ನೂ ಜೊತೆಗೆ ಕೊಂಡೊಯ್ಯಿರಿ. ಎರಡು ವರ್ಷದೊಳಗಿನ ಮಕ್ಕಳ ಮೂಗು, ಮುಖ, ಎದೆಗೆ ಈ ಎಣ್ಣೆ ಹಚ್ಚಬಾರದು. ಹಚ್ಚಿಕೊಂಡ ಅಥವಾ ಆಘ್ರಾಣಿಸಿದ ದೊಡ್ಡವರಲ್ಲಿಯೂ ಫಿಟ್ಸ್ ಕಾಣಿಸಿಕೊಂಡದ್ದನ್ನು ಬೆಂಗಳೂರಿನ ನರರೋಗ ತಜ್ಞರು ವರದಿ ಮಾಡಿದ್ದಾರೆ. ಮೂರ್ಛೆರೋಗವಿರುವವರು ಇದರಿಂದ ದೂರವಿರುವುದೇ ಲೇಸು.

ಹಾಗಾದರೆ ಗಿಡ ಬೆಳೆಸಬಾರದೇ? ಧಾರಾಳವಾಗಿ ಬೆಳೆಸಿ. ಬಿಸಿಲು ಬೀಳುವೆಡೆ, ನೀರು ಬಸಿದುಹೋಗುವ ದೊಡ್ಡ ಕುಂಡದಲ್ಲಿ ನೆಟ್ಟು, ವರ್ಷಕ್ಕೊಮ್ಮೆ ಸವರಿದರೆ ಗಿಡ ಗಿಡ್ಡವಾಗಿಯೇ ಉಳಿದು ದುಂಡೆಲೆಗಳ ಹೊಸ ಚಿಗುರು ಬರುತ್ತದೆ. ನಿಂಬೆವಾಸನೆಯ ನೀಲಗಿರಿಯಾದರೋ ನೂರಡಿಗೂ ಮೀರಿ ಬೆಳೆಯುವ ಮರ. ಕೊಂಬೆ ಮುರಿದು ಬೀಳುವ ಭಯವೂ ಇರುವುದರಿಂದ ಸಣ್ಣ ನಿವೇಶನಕ್ಕೆ ಹೊಂದುವುದಿಲ್ಲ. ಗಿಡ ಅಂಗಳದಲ್ಲಿರಲಿ, ಎಣ್ಣೆಯ ಶೀಸೆ ಮಾತ್ರ ಬೀಗ ಹಾಕಿದ ಕಪಾಟಿನಲ್ಲಿರಲಿ.