ಮಗುವಿನ ಮೊದಲ ಕನ್ನಡಕ: ಎಲ್ಲಿ ಕೊಳ್ಳತಕ್ಕದ್ದು?

ಶಾಲೆಗಳು ಆರಂಭವಾಗಿ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: “ಮಗುವಿಗೆ ಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲವೆಂದು ಟೀಚರು ಚೀಟಿ ಬರೆದು ಕಳಿಸಿದ್ದಾರೆ. ಕನ್ನಡಕ ಎಲ್ಲಿ ಮಾಡಿಸೋಣ?” ಕೇಳಿದ ಕೂಡಲೇ ಸುತ್ತಲಿದ್ದವರಿಂದ ನಾಲ್ಕು ಉತ್ತರ ಬರುತ್ತವೆ. ಸ್ಟೇಷನ್ನಿನ ಬಳಿಯ ಅಂಗಡಿಯಲ್ಲಿ ಪರೀಕ್ಷೆ ಪುಕ್ಕಟೆ ಎಂದು ಒಬ್ಬರು. ಮೊಬೈಲಿನಲ್ಲಿ ತರಿಸಿದರೆ ಅಗ್ಗ ಎಂದು ಇನ್ನೊಬ್ಬರು. ಮೇ ತಿಂಗಳಲ್ಲಿ ಊರಿಗೆ ಹೋದಾಗ ಪರಿಚಯದ ಅಂಗಡಿಯಲ್ಲಿ ಮಾಡಿಸಿದರಾಯಿತು ಎಂದು ಮತ್ತೊಬ್ಬರು. ಇಷ್ಟು ಚಿಕ್ಕ ಮಗುವಿಗೆ ಕನ್ನಡಕವೇಕೆ ಎಂದು ನಾಲ್ಕನೆಯವರು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಇರುವುದು ಒಂದು ಕೆಲಸವಲ್ಲ, ಎರಡು. ಕಣ್ಣಿನ ಪರೀಕ್ಷೆ ಒಂದು, ಕನ್ನಡಕದ ಖರೀದಿ ಇನ್ನೊಂದು. ಪರೀಕ್ಷೆಯನ್ನು ಕಣ್ಣಿನ ವೈದ್ಯರಲ್ಲಿ, ಔಷಧದ ಹನಿ ಹಾಕಿಸಿಯೇ ಮಾಡಿಸಬೇಕು; ಅದಕ್ಕಾಗಿ ಎಷ್ಟು ದೂರ ಹೋದರೂ ಸರಿಯೇ. ಖರೀದಿಯನ್ನು ಮಾತ್ರ ಮನೆಗೆ ಹತ್ತಿರದ, ಮತ್ತೆ ಮತ್ತೆ ಹೋಗಿ ಸರಿಪಡಿಸಿಕೊಂಡು ಬರಬಹುದಾದ ಅಂಗಡಿಯಲ್ಲಿ ಮಾಡಬೇಕು.

ಹಿರಿಯರ ಚಾಳೀಸು, ಮಕ್ಕಳ ಕನ್ನಡಕ

ಧಾರವಾಡ, ವಿಜಾಪುರದ ಕಡೆಯವರು ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ನಲವತ್ತರ ಆಸುಪಾಸಿನಲ್ಲಿ ಬರುವಂಥದು ಎಂಬ ಅರ್ಥ ಆ ಹೆಸರಿನಲ್ಲಿಯೇ ಇದೆ. ಕಣ್ಣಿನೊಳಗೆ ಒಂದು ಮಸೂರವಿದೆ. ಹತ್ತಿರದ್ದನ್ನು ನೋಡುವಾಗ ಒಳಗಿನ ಸ್ನಾಯು ಬಿಗಿದು, ಆ ಮಸೂರ ಉಬ್ಬುತ್ತದೆ. ವಯಸ್ಸಾದಂತೆ ಮಸೂರ ಗಡುಸಾಗಿ ಈ ಉಬ್ಬುವ ಶಕ್ತಿ ಕಡಿಮೆಯಾಗುತ್ತದೆ. ಪತ್ರಿಕೆಯನ್ನು ತೋಳುದ್ದ ಹಿಡಿದು ಓದುವ ಕಾಲ ಬರುವುದು ಹೀಗೆ. ಎರಡು ಕಣ್ಣಿಗೂ ಕೊರತೆ ಹೆಚ್ಚುಕಡಿಮೆ ಸಮವಾಗಿದ್ದರೆ ಫುಟ್‌ಪಾತಿನ ಸಿದ್ಧ ಚಾಳೀಸಿನಿಂದಲೂ ಹಿರಿಯರ ಓದು ಹೇಗೋ ಸಾಗುತ್ತದೆ.

ಮಗುವಿನ ಸ್ಥಿತಿ ಇದಕ್ಕೆ ನೇರ ವಿರುದ್ಧ. ಅದರ ಕಣ್ಣಿನ ಮಸೂರ ಬಹಳ ಮೃದು. ಸ್ನಾಯು ಬಹಳ ಬಲವಾದದ್ದು. ಪರೀಕ್ಷೆಯ ಯಂತ್ರದೊಳಗೆ ಇಣುಕಿ ನೋಡುವಾಗಲೂ ಮಗು ತನಗರಿವಿಲ್ಲದೆ ಆ ಸ್ನಾಯುವನ್ನು ಬಿಗಿದಿಟ್ಟಿರುತ್ತದೆ. ಆಗ ಇಲ್ಲದ ಮೈನಸ್ ನಂಬರು ಕಾಣಬಹುದು, ಇದ್ದ ಪ್ಲಸ್ ನಂಬರು ಅಡಗಿಹೋಗಬಹುದು. ಅಂಗಡಿಯ ಕಂಪ್ಯೂಟರು ಸುಳ್ಳು ಹೇಳುತ್ತದೆಂದಲ್ಲ; ಬಿಗಿದ ಕಣ್ಣನ್ನು ಅಳೆದರೆ ಬಿಗಿದ ಕಣ್ಣಿನ ಲೆಕ್ಕವೇ ಬರುತ್ತದೆ. ಆದುದರಿಂದಲೇ ವೈದ್ಯರು ಹನಿ ಹಾಕಿ ಸ್ನಾಯುವನ್ನು ಸಡಿಲಗೊಳಿಸಿ, ಆಮೇಲೆ ಅಳೆಯುತ್ತಾರೆ.

ತೀರ ಚಿಕ್ಕ ಮಕ್ಕಳಿಗೆ ಅಟ್ರೋಪಿನ್ ಮುಲಾಮನ್ನು ಸಾಮಾನ್ಯವಾಗಿ ಮೂರು ದಿನ ಮನೆಯಲ್ಲಿಯೇ ಹಚ್ಚಿಸಿ ಕರೆತರಲು ಹೇಳುವುದುಂಟು. ಇದರ ಪರಿಣಾಮ ಇಳಿಯಲು ಒಂದೆರಡು ವಾರ ಬೇಕಾಗಬಹುದು. ಅಷ್ಟು ದಿನ ಬಿಸಿಲು ಕಣ್ಣಿಗೆ ಚುಚ್ಚುತ್ತದೆ, ಪುಸ್ತಕದ ಅಕ್ಷರ ಮಸುಕಾಗುತ್ತದೆ. ಮುಲಾಮು ಹಚ್ಚಿದ ಮೇಲೆ ಮಗುವಿನ ಮುಖ ಕೆಂಪೇರಿ ಜ್ವರ ಬಂದರೆ ಅದನ್ನು ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು. ಸ್ವಲ್ಪ ದೊಡ್ಡ ಮಕ್ಕಳಿಗೆ ಹಾಕುವ ಹನಿಗಳ ಪರಿಣಾಮ ಬೇಗ ಇಳಿಯುತ್ತದೆ. ಪರೀಕ್ಷೆ ಹತ್ತಿರವಿರುವ ವಾರವನ್ನು ಇದಕ್ಕಾಗಿ ಆರಿಸಿಕೊಳ್ಳದಿದ್ದರೆ ಒಳ್ಳೆಯದು.

ಕಾಲ ಕಳೆದರೆ ಆಗುವ ನಷ್ಟ

“ಮೇ ತಿಂಗಳಿಗೆ ನೋಡೋಣ” ಎನ್ನುವವರಿಗೆ ಒಂದು ಮಾತು. ಕಾಣುವುದನ್ನು ಮಗುವಿನ ಮಿದುಳು ಎಳವೆಯಲ್ಲಿ ಕಲಿಯುತ್ತದೆ. ಒಂದು ಕಣ್ಣಿನ ಚಿತ್ರ ಸದಾ ಮಸುಕಾಗಿದ್ದರೆ ಮಿದುಳು ಆ ಕಣ್ಣನ್ನು ನಂಬುವುದನ್ನೇ ಬಿಡುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಇನ್ನೊಂದು ಕಣ್ಣು ಚೆನ್ನಾಗಿರುವುದರಿಂದ ಮಗುವಿಗಾಗಲಿ ಮನೆಯವರಿಗಾಗಲಿ ಏನೂ ತಿಳಿಯುವುದಿಲ್ಲ. ಏಳೆಂಟು ವರ್ಷದೊಳಗೆ ಸರಿಯಾದ ಕನ್ನಡಕ, ಬೇಕಾದರೆ ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ, ಇವುಗಳಿಂದ ಆ ಕಣ್ಣನ್ನು ಬಹುಮಟ್ಟಿಗೆ ಮೇಲೆತ್ತಬಹುದು. ಆಮೇಲೂ ಸ್ವಲ್ಪ ಗುಣ ಸಿಗುವುದುಂಟು. ಆದರೆ ವಯಸ್ಸು ಏರಿದಂತೆ ಕೆಲಸ ಕಠಿಣವಾಗುತ್ತದೆ. ಪೂರ್ತಿ ಬಲಿತ ಮೇಲೆ ಎಷ್ಟು ದುಬಾರಿಯ ಕನ್ನಡಕ ಕೊಂಡರೂ ಆ ಕಣ್ಣಿಗೆ ಸ್ಪಷ್ಟವಾಗಿ ಕಾಣದೆ ಹೋಗಬಹುದು.

ಆದುದರಿಂದ ಮನೆಯಲ್ಲಿ ಗಮನಿಸಬೇಕಾದ ಗುರುತುಗಳಿವು: ಟಿ.ವಿ.ಯ ಹತ್ತಿರ ಹೋಗಿ ಕೂರುವುದು, ತಲೆ ಓರೆಮಾಡಿ ನೋಡುವುದು, ಒಂದು ಕಣ್ಣು ಕಿರಿದುಮಾಡುವುದು, ಹಲಗೆ ಬಿಟ್ಟು ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುವುದು. ಮೆಳ್ಳೆಗಣ್ಣು ಕಂಡರೆ, ಅಥವಾ ಪಾಪೆಯಲ್ಲಿ ಬಿಳಿಯ ಹೊಳಪು ಕಂಡರೆ, ಅಂಗಡಿಯ ಮಾತೇ ಬೇಡ. ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಪರೀಕ್ಷೆ ಎಲ್ಲಿ?

ನಮ್ಮ ಮುಂಬಯಿಯಲ್ಲಿ ಪರಳದ ಕೆ.ಇ.ಎಂ., ಸಯನ್ ಹಾಗೂ ನಾಯರ್, ಈ ಮೂರು ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿಯೂ ಸರಕಾರದ ಜೆ.ಜೆ. ಆಸ್ಪತ್ರೆಯಲ್ಲಿಯೂ ಕಣ್ಣಿನ ವಿಭಾಗವಿದೆ. ಬೆಳಿಗ್ಗೆ ಹೋಗಿ ಕೇಸ್ ಪೇಪರು ಮಾಡಿಸಬೇಕು. ಸರದಿ ಉದ್ದವಿರುತ್ತದೆ, ಅರ್ಧ ದಿನದ ರಜೆಯೋ ಕೂಲಿಯೋ ಹೋಗುತ್ತದೆ, ನಿಜ. ಆದರೆ ತಪ್ಪು ನಂಬರಿನ ಕನ್ನಡಕಕ್ಕೆ ಕೊಟ್ಟ ಹಣವೂ ಹೋಗುತ್ತದೆ, ಮಗುವಿನ ವರ್ಷವೂ ಹೋಗುತ್ತದೆ. ಇ.ಎಸ್.ಐ. ಇರುವ ಕಾರ್ಮಿಕರು ತಮ್ಮ ಚೀಟಿಯ ಮೇಲೆ ಮಕ್ಕಳಿಗೂ ವೈದ್ಯಕೀಯ ನೆರವುಂಟೆಂಬುದನ್ನು ಮರೆಯಬಾರದು.

ಬೇರೆ ಊರುಗಳಲ್ಲಿರುವ ನಮ್ಮವರಿಗೆ ಪುಣೆಯಲ್ಲಿ ಸಸೂನ್ ಆಸ್ಪತ್ರೆ, ಹೈದರಾಬಾದಿನಲ್ಲಿ ಸರೋಜಿನಿದೇವಿ ಕಣ್ಣಾಸ್ಪತ್ರೆ, ಮದ್ರಾಸಿನ ಎಗ್ಮೋರಿನಲ್ಲಿ 1819ರಲ್ಲಿ ಆರಂಭವಾದ ಸರಕಾರಿ ಕಣ್ಣಾಸ್ಪತ್ರೆ, ದಿಲ್ಲಿಯಲ್ಲಿ ಏಮ್ಸ್‌ಗೆ ಸೇರಿದ ಡಾ. ರಾಜೇಂದ್ರಪ್ರಸಾದ್ ನೇತ್ರ ಕೇಂದ್ರ ಇವೆ. ರಜೆಯಲ್ಲಿ ಊರಿಗೆ ಹೋಗುವುದು ಹೇಗೂ ಹತ್ತಿರವಿದ್ದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯೂ ಆದೀತು. ಅಟ್ರೋಪಿನ್ ಹಚ್ಚಿದ ಮಗುವಿಗೆ ರಜೆಯ ದಿನಗಳೇ ಅನುಕೂಲ. ಆದರೆ ರಜೆಗೆ ಆರೆಂಟು ತಿಂಗಳಿರುವಾಗ ಅದಕ್ಕಾಗಿ ಕಾಯಕೂಡದು.

ಶಾಲೆಯ ಸಹಾಯವನ್ನೂ ಕೇಳಿ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿವಾರಣಾ ಕಾರ್ಯಕ್ರಮದಲ್ಲಿ ಶಾಲಾಮಕ್ಕಳ ದೃಷ್ಟಿ ತಪಾಸಣೆಗೂ, ಬಡ ಮಕ್ಕಳಿಗೆ ಉಚಿತ ಕನ್ನಡಕಕ್ಕೂ ಅವಕಾಶವಿದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳೂ ಸರಕಾರಿ ಶಾಲೆಗಳಿಗೆ ಬರುತ್ತವೆ. ಮುಖ್ಯಾಧ್ಯಾಪಕರನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ವೈದ್ಯರು ಕೊಟ್ಟ ಚೀಟಿಯನ್ನು ಜೋಪಾನವಾಗಿಡಿ; ಅದರದೊಂದು ಫೋಟೋ ತೆಗೆದಿಡಿ. ಅದರಲ್ಲಿ ಬಲಗಣ್ಣು, ಎಡಗಣ್ಣು ಎಂದು ಎರಡು ಸಾಲುಗಳಿರುತ್ತವೆ. ಮೊದಲ ಅಂಕಿಯ ಹಿಂದೆ ಮೈನಸ್ ಗುರುತಿದ್ದರೆ ದೂರದ್ದು ಮಸುಕು, ಪ್ಲಸ್ ಇದ್ದರೆ ಹತ್ತಿರದ್ದು ಪ್ರಯಾಸ ಎಂದು ಸ್ಥೂಲವಾಗಿ ತಿಳಿಯಬಹುದು. ಎರಡನೆಯದು ಸಿಲಿಂಡರ್, ಅಂದರೆ ಕಣ್ಣಿನ ಉಬ್ಬು ಎಲ್ಲ ದಿಕ್ಕಿಗೂ ಸಮವಾಗಿಲ್ಲದ್ದರ ಲೆಕ್ಕ. ಮೂರನೆಯದು ಅದರ ಓರೆ, 1ರಿಂದ 180ರವರೆಗಿನ ಅಂಕಿ. ಈ ಓರೆ ತಪ್ಪಿದರೆ ನಂಬರು ಸರಿಯಿದ್ದೂ ಕನ್ನಡಕ ತಪ್ಪಾಗುತ್ತದೆ.

ಅಂಗಡಿ ಏಕೆ ಹತ್ತಿರವಿರಬೇಕು?

ದೊಡ್ಡವರ ಕನ್ನಡಕ ಒಂದು ಸಲ ಕೂತರೆ ಕೂತಿತು. ಮಗುವಿನದು ಹಾಗಲ್ಲ. ಚೆಂಡು ಬಡಿಯುತ್ತದೆ, ಅದನ್ನು ಹಾಕಿಕೊಂಡೇ ಮಗು ನಿದ್ದೆಹೋಗುತ್ತದೆ, ತಮ್ಮನೋ ತಂಗಿಯೋ ಎಳೆಯುತ್ತದೆ. ಕಡ್ಡಿ ಸೊಟ್ಟಗಾದರೆ ಮಸೂರದ ನಡುಭಾಗ ಪಾಪೆಯ ಮುಂದಿರುವುದಿಲ್ಲ. ಮಗು ಕನ್ನಡಕದ ಮೇಲಿನಿಂದ ನೋಡತೊಡಗುತ್ತದೆ. ಹಾಕಿಯೂ ಹಾಕದಂತೆ. ಆದುದರಿಂದ ಕೆಲವು ವಾರಗಳಿಗೊಮ್ಮೆ ಕಡ್ಡಿ ಬಗ್ಗಿಸಿ, ತಿರುಪು ಬಿಗಿದು ಕೊಡುವವನೊಬ್ಬ ನಡೆದುಹೋಗುವಷ್ಟು ದೂರದಲ್ಲಿರಬೇಕು. ಊರಿನ ಅಂಗಡಿ ಎಷ್ಟೇ ಪರಿಚಯದ್ದಾದರೂ ವರ್ಷಕ್ಕೊಮ್ಮೆ ಮಾತ್ರ ಸಿಗುವಂಥದು. ದಿಲ್ಲಿಯವರಿಗೆ ಚಾಂದನಿ ಚೌಕದ ಬಲ್ಲೀಮಾರಾನ್ ಕನ್ನಡಕದ ದೊಡ್ಡ ಪೇಟೆ. ಆದರೆ ತಿರುಪು ಸಡಿಲವಾದಾಗಲೆಲ್ಲ ಅಷ್ಟು ದೂರ ಹೋಗಲಾದೀತೇ?

ಮೊಬೈಲಿನಲ್ಲಿ ತರಿಸುವುದಕ್ಕೂ ಇದೇ ಅಡ್ಡಿ. ಎರಡು ಪಾಪೆಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆಯಬೇಕು. ಮೂಗಿನ ಮೇಲೆ ಇಟ್ಟು ನೋಡಬೇಕು. ಮೊದಲ ಕನ್ನಡಕ ಸರಿಯಾಗಿ ಹೊಂದಿಕೊಂಡ ಮೇಲೆ, ಅದೇ ಅಳತೆಯಲ್ಲಿ ಮನೆಯಲ್ಲಿಡಲು ಎರಡನೆಯದನ್ನು ಹಾಗೆ ತರಿಸಿದರೆ ನಮ್ಮ ಆಕ್ಷೇಪವಿಲ್ಲ.

ಅಂಗಡಿಯಲ್ಲಿ ನೋಡಬೇಕಾದ್ದು

ಅಂಗಿ, ಬೂಟುಗಳನ್ನು ಬೆಳೆಯುವ ಮಗುವಿಗೆಂದು ಒಂದು ಅಳತೆ ದೊಡ್ಡದು ಕೊಳ್ಳುವುದು ನಮ್ಮೆಲ್ಲರ ರೂಢಿ. ಕನ್ನಡಕದಲ್ಲಿ ಅದು ಸಲ್ಲದು. ಕಣ್ಣು ಮಸೂರದ ನಡುವಿನಲ್ಲಿರಬೇಕು, ಮೂಗಿನ ಮೇಲೆ ಸಂದಿಲ್ಲದೆ ಕೂರಬೇಕು, ರೆಪ್ಪೆ ತಾಗಬಾರದು, ಕಿವಿಯ ಹಿಂದೆ ಒತ್ತಬಾರದು. ಮಗುವಿಗೆ ಬಗ್ಗಿ ತಲೆ ಅಲ್ಲಾಡಿಸಲು ಹೇಳಿ. ಜಾರಿ ಬಿದ್ದರೆ ಆ ಚೌಕಟ್ಟು ಬೇಡ. ತೀರ ಚಿಕ್ಕವರಿಗೆ ತಲೆಯ ಹಿಂದೆ ಕಟ್ಟುವ ಪಟ್ಟಿ ಕೇಳಿ. ಬಣ್ಣವನ್ನು ಮಗುವೇ ಆರಿಸಲಿ. ತಾನು ಆರಿಸಿದ್ದನ್ನು ಅದು ಬಿಸಾಡುವುದು ಕಡಿಮೆ.

ಮಸೂರ ಗಾಜಿನದಾಗಿರಕೂಡದು, ಒಡೆದರೆ ಕಣ್ಣಿಗೇ ಅಪಾಯ. ಪಾಲಿಕಾರ್ಬೊನೇಟ್ ಎಂಬ ವಸ್ತುವಿನದು ಪೆಟ್ಟಿಗೆ ಸುಲಭವಾಗಿ ಒಡೆಯುವುದಿಲ್ಲ, ಹಗುರವೂ ಹೌದು. ಅದಕ್ಕೆ ಗೀರು ಬೇಗ ಬೀಳುವುದರಿಂದ ಮೇಲೆ ಗಟ್ಟಿ ಲೇಪವಿದೆಯೇ ಎಂದು ಕೇಳಬೇಕು. ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ. ಮೊಬೈಲಿನ ನೀಲಿ ಬೆಳಕು ತಡೆಯುತ್ತದೆಂದು ಹೇಳಿ ಮಾರುವ ‘ಬ್ಲೂ ಕಟ್’ ಲೇಪಕ್ಕೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ. 2023ರಲ್ಲಿ ಕೊಕ್ರೇನ್ ಸಂಸ್ಥೆ ಪ್ರಕಟಿಸಿದ ಸಮೀಕ್ಷೆಯಲ್ಲಿ, ಇಂಥ ಮಸೂರದಿಂದ ಕಣ್ಣಿನ ದಣಿವು ಕಡಿಮೆಯಾಗುವಂತೆ ಕಂಡುಬರಲಿಲ್ಲ. ದುಬಾರಿ ಚೌಕಟ್ಟೂ ಬೇಡ. ಬೆಳೆಯುವ ಮಗುವಿನ ನಂಬರು ವರ್ಷದೊಳಗೇ ಬದಲಾಗಬಹುದು.

ಹಣ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಚೌಕಟ್ಟು, ಮಸೂರ, ಲೇಪಗಳ ಬೆಲೆಯನ್ನು ಬಿಲ್ಲಿನಲ್ಲಿ ಬೇರೆ ಬೇರೆ ಬರೆಯುವಿರಾ? ಸೊಟ್ಟಗಾದರೆ ಪುಕ್ಕಟೆ ಸರಿಮಾಡುವಿರಾ? ಒಡೆದರೆ ಎಷ್ಟು ದಿನದೊಳಗೆ, ಎಷ್ಟಕ್ಕೆ ಬದಲಿಸುವಿರಾ? ಚೀಟಿಗಿಂತ ಬೇರೆ ನಂಬರು ಬಂದಿದ್ದರೆ ಹೊಸದಾಗಿ ಮಾಡಿಕೊಡುವಿರಾ? ಈ ನಾಲ್ಕಕ್ಕೂ ಬೇಸರಿಸದೆ ಉತ್ತರ ಕೊಟ್ಟು, ಬರೆದುಕೊಡುವ ಅಂಗಡಿ ಚಿಕ್ಕದಾದರೂ ಒಳ್ಳೆಯ ಅಂಗಡಿ.

ಕೊಂಡ ಮೇಲೆ

ಕನ್ನಡಕ ಕೈಗೆ ಬಂದೊಡನೆ ಚೀಟಿಯ ಸಮೇತ ಆಸ್ಪತ್ರೆಗೆ ಒಯ್ದು ತೋರಿಸಿ. ಅದರ ನಂಬರನ್ನು ಅಳೆಯುವ ಸಾಧನ ಅಲ್ಲಿರುತ್ತದೆ; ಕೆಲವು ನಿಮಿಷದ ಕೆಲಸ. ಮೊದಲ ಕೆಲವು ದಿನ ನೆಲ ಓರೆಯಾಗಿ ಕಂಡಂತಾಗಬಹುದು, ಅದು ಹೋಗುತ್ತದೆ. ಎರಡು ವಾರವಾದರೂ ತಲೆನೋವು ನಿಲ್ಲದಿದ್ದರೆ ವೈದ್ಯರಿಗೆ ಮತ್ತೆ ತೋರಿಸಬೇಕು. ಮಸೂರವನ್ನು ನೀರು, ಸ್ವಲ್ಪ ಸಾಬೂನಿನಿಂದ ತೊಳೆದು ಮೆತ್ತನೆಯ ಬಟ್ಟೆಯಿಂದ ಒರೆಸಿ. ಸೆರಗಿನಿಂದಲೋ ಅಂಗಿಯ ತುದಿಯಿಂದಲೋ ಒಣಗಿದ್ದಂತೆಯೇ ಉಜ್ಜಿದರೆ ಗೀರು ಬೀಳುತ್ತದೆ. ಮುಂದಿನ ತಪಾಸಣೆ ಯಾವಾಗ ಎಂಬುದನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ.

ಕನ್ನಡಕ ಹಾಕಿದರೆ ನಂಬರು ಏರುತ್ತದೆಂಬ ಮಾತು ನಮ್ಮ ಚಾಳುಗಳಲ್ಲಿ ಇನ್ನೂ ಕೇಳಿಬರುತ್ತದೆ. ಅದು ನಿಜವಲ್ಲ. ಮೈ ಬೆಳೆದಂತೆ ಕಣ್ಣುಗುಡ್ಡೆಯೂ ಉದ್ದವಾಗುವುದರಿಂದ ಮೈನಸ್ ನಂಬರು ಏರುತ್ತದೆ. ಕನ್ನಡಕ ಬಿಟ್ಟರೂ, ಕಡಿಮೆ ನಂಬರಿನದು ಹಾಕಿದರೂ ಅದು ನಿಲ್ಲುವುದಿಲ್ಲ. ದಿನಕ್ಕೆ ಸುಮಾರು 2 ಗಂಟೆ ಹೊರಗೆ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಮೈನಸ್ ದೋಷ ಬರುವ ಸಂಭವ ಕಡಿಮೆಯೆಂದು ಕಂಡುಬಂದಿದೆ. ಖೋಲಿಯೊಳಗೆ ಮೊಬೈಲು ಕೊಟ್ಟು ಕೂರಿಸುವ ಬದಲು ಮೈದಾನಕ್ಕೆ ಕಳಿಸಿ.

ಕೊನೆಗೆ, ಹೆಣ್ಣುಮಗುವೆಂದು ಕನ್ನಡಕ ಮುಂದೂಡುವವರು ನಮ್ಮಲ್ಲಿ ಇಲ್ಲದಿಲ್ಲ. ನಾಳೆ ಮದುವೆಯ ಮಾತು ಬಂದಾಗ ಕನ್ನಡಕ ಅಡ್ಡಿಯಾದೀತೆಂಬ ಅಂಜಿಕೆ ಅವರದು. ಆದರೆ ಹಲಗೆ ಕಾಣದ ಹುಡುಗಿ ತರಗತಿಯಲ್ಲಿ ಹಿಂದೆ ಬೀಳುತ್ತಾಳೆ. ಓದಿನಲ್ಲಿ ಮನಸ್ಸಿಲ್ಲವೆಂದು ಮನೆಯಲ್ಲಿ ಬೈಗುಳವನ್ನೂ ತಿನ್ನುತ್ತಾಳೆ. ಅವಳಿಗೆ ಮನಸ್ಸಿಲ್ಲವೋ, ಅಕ್ಷರವೇ ಕಾಣುತ್ತಿಲ್ಲವೋ ಎಂಬುದನ್ನು ಈ ತಿಂಗಳೇ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಆಸ್ಪತ್ರೆಯಲ್ಲಿ ತಿಳಿದುಕೊಂಡು ಬನ್ನಿರೆಂದು ನಮ್ಮ ಬಾಂಧವರಲ್ಲಿ ವಿನಂತಿ.