ಹೊದಿಕೆಯ ಹೊರೆ

ಪ್ರಕೃತಿಮಾತೆ ಮನುಷ್ಯನಿಗೆ ಉಣಲು ಕೊಟ್ಟುದರಲ್ಲಿ ಬಹುಪಾಲನ್ನು ಹೊದಿಸಿಯೇ ಕೊಟ್ಟಿದ್ದಾಳೆ. ಭತ್ತಕ್ಕೆ ಹೊಟ್ಟು, ಬಾಳೆಗೆ ಸಿಪ್ಪೆ. ತೆಂಗಿಗಂತೂ ನಾರು, ಕರಟ ಎಂಬ ಎರಡು ಸುತ್ತಿನ ಕೋಟೆ. ಆಕೆಯನ್ನು ನೋಡಿಯೇ ನಮ್ಮ ಹಿರಿಯರೂ ಕಲಿತರೆಂದು ತೋರುತ್ತದೆ. ಮುತ್ತುಗದ ಎಲೆಯನ್ನು ಕಡ್ಡಿಯಿಂದ ಹೆಣೆದು ದೊನ್ನೆ ಮಾಡಿದರು. ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿದರು. ಕರಾವಳಿಯಲ್ಲಿ ಬೈಹುಲ್ಲಿನಿಂದ ಅಕ್ಕಿಯ ಮುಡಿ ಕಟ್ಟಿದರು. ಆಹಾರಕ್ಕೆ ಹೊದಿಕೆ ಎಂಬುದು ಕಾರ್ಖಾನೆಗಳ ಆವಿಷ್ಕಾರವಲ್ಲ. ಹೊಸದಾಗಿರುವುದು ಅದರ ಲೆಕ್ಕ ಮಾತ್ರ.

ಆ ಲೆಕ್ಕ ಯಾವುದೆಂದರೆ, ಭೂಮಿಯ ಶಾಖವನ್ನು ಹೊರಹೋಗಗೊಡದೆ ಹಿಡಿದಿಡುವ ಇಂಗಾಲದ ಡೈಆಕ್ಸೈಡ್, ಮೀಥೇನ್ ಮೊದಲಾದ ಹಸುರುಮನೆ ಅನಿಲಗಳದ್ದು. ಐರೋಪ್ಯ ಒಕ್ಕೂಟದ ಸಂಶೋಧನ ಕೇಂದ್ರದ ವಿಜ್ಞಾನಿಗಳು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೊಡನೆ ಸೇರಿ 2021ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅದರ ಪ್ರಕಾರ 2015ರಲ್ಲಿ ಮನುಷ್ಯನಿಂದ ಹೊರಬಿದ್ದ ಅನಿಲಗಳಲ್ಲಿ ಶೇಕಡಾ 34ರಷ್ಟು, ಎಂದರೆ ಸುಮಾರು 1,800 ಕೋಟಿ ಟನ್ನು, ಆಹಾರದ ಬಾಬಿನದು. ಅದರಲ್ಲಿ ಶೇಕಡಾ 71 ಹೊಲ, ಹಟ್ಟಿ ಮತ್ತು ಭೂಮಿಯ ಬಳಕೆಯಿಂದ ಬಂದದ್ದು. ಹೊದಿಕೆಯ ಪಾಲು ಶೇಕಡಾ 5.4, ಸಾಗಾಟದ ಪಾಲು ಶೇಕಡಾ 4.8. ದೂರದಿಂದ ಬಂದ ಆಹಾರವೆಂದು ಲಾರಿಯನ್ನು ದೂರುವ ನಾವು, ಲಾರಿಗಿಂತ ಅದರೊಳಗಿನ ಡಬ್ಬಿಗಳೇ ಹೆಚ್ಚು ಭಾರವೆಂಬುದನ್ನು ಗಮನಿಸಿದವರಲ್ಲ.

ಗಮನಿಸದಿರುವುದಕ್ಕೆ ಕಾರಣವೂ ಉಂಟು. ಸರಕಾರಗಳು ಒಪ್ಪಿಸುವ ವರದಿಗಳಲ್ಲಿ ಆಹಾರವೆಂಬ ಶೀರ್ಷಿಕೆಯೇ ಇರುವುದಿಲ್ಲ. ನಮ್ಮ ದೇಶವು ವಿಶ್ವಸಂಸ್ಥೆಗೆ ಕೊಟ್ಟಿರುವ 2020ರ ಲೆಕ್ಕದಲ್ಲಿ ಶಕ್ತಿಯ ಪಾಲು ಸುಮಾರು ಶೇಕಡಾ 76, ವ್ಯವಸಾಯದ್ದು 14, ಕೈಗಾರಿಕೆಯದು 8. ಉಳಿದ ಅಲ್ಪಭಾಗ ಕಸದ್ದು. ಉಪ್ಪಿನಕಾಯಿಯ ಭರಣಿ ಕಾಯಿಸಿದ ಕುಲುಮೆ ಒಂದು ಪುಟದಲ್ಲಿ, ಬಿಸ್ಕತ್ತಿನ ಹೊದಿಕೆಯ ಎಣ್ಣೆ ಮತ್ತೊಂದು ಪುಟದಲ್ಲಿ, ಎರಡೂ ಸೇರುವ ತಿಪ್ಪೆ ಮೂರನೆಯ ಪುಟದಲ್ಲಿ! ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳಿಂದ ವಚನಗಳನ್ನು ಕೂಡಿಹಾಕಿದಂತೆ, ಚದುರಿದ ಈ ಅಂಕಿಗಳನ್ನು ಯಾರಾದರೂ ಕೂತು ಒಂದುಗೂಡಿಸಬೇಕು. ಆಗಲೇ ಅದರ ರೂಪ ಕಾಣುವುದು.

ಇನ್ನು ಈ ಶೇಕಡಾ 5.4ನ್ನು ಹೇಗೆ ಓದಬೇಕು? ಕಳೆದ ವರ್ಷ ನಮ್ಮ ಕಾಲೇಜಿನ ಕನ್ನಡ ಸಂಘದ ಚರ್ಚಾಕೂಟದಲ್ಲಿ ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ನಿಷೇಧಿಸಬೇಕೆಂದು ಹಲವರು ಆವೇಶದಿಂದ ವಾದಿಸಿದರು. ನಾನು ಅಧ್ಯಕ್ಷನ ಪೀಠದಲ್ಲಿದ್ದೆ. ಕೊನೆಗೆ ಹಳ್ಳಿಯ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು, "ಅಧ್ಯಕ್ಷರೆ, ನಮ್ಮ ಮನೆಯಲ್ಲಿ ಎರಡು ಹಸು ಇವೆ. ಹಾಲು ಕೆಟ್ಟರೆ ಡೈರಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಅಮ್ಮ ಅದನ್ನು ಚೆಲ್ಲಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ತೊಟ್ಟೆಯನ್ನು ಬೈದವರಲ್ಲಿ ಹಾಲು ಚೆಲ್ಲಿದವರು ಯಾರೂ ಇದ್ದಂತಿಲ್ಲ" ಎಂದಳು. ಸಭೆ ಒಂದು ಕ್ಷಣ ಸುಮ್ಮನಾಯಿತು.

ಆಕೆಯ ಮಾತಿನಲ್ಲಿ ಗಣಿತವೂ ಅಡಗಿದೆ. ಒಂದು ಲೀಟರು ಹಾಲಿನ ಉತ್ಪತ್ತಿಗೆ, ಜಗತ್ತಿನ ಸರಾಸರಿಯಂತೆ, ಸುಮಾರು 3 ಕಿಲೋ ಅನಿಲ ಹೊರಬೀಳುತ್ತದೆ. ಹಸುವಿನ ಮೆಲುಕಿನ ಮೀಥೇನೇ ಅದರಲ್ಲಿ ಮುಖ್ಯ. ಅರ್ಧ ಲೀಟರಿನ ತೊಟ್ಟೆಯಾದರೋ 5 ಗ್ರಾಮಿಗೂ ಕಡಮೆ. ಒಂದು ಕಿಲೋ ಪಾಲಿಥೀನಿಗೆ ಸುಮಾರು 2 ಕಿಲೋ ಅನಿಲವೆಂದು ಹಿಡಿದರೆ, ತೊಟ್ಟೆಯ ಪಾಲು 10 ಗ್ರಾಮನ್ನು ದಾಟದು. ಹೀಗೆ ನೂರು ಲೀಟರು ಹಾಲಿನ ಇನ್ನೂರು ತೊಟ್ಟೆಗಳಿಗೆ ಹೆಚ್ಚೆಂದರೆ 2 ಕಿಲೋ. ಆ ನೂರರಲ್ಲಿ ಒಂದೇ ಲೀಟರು ಕೆಟ್ಟರೂ 3 ಕಿಲೋ ವ್ಯರ್ಥ. ಜಗತ್ತಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಆಹಾರದ ಹೊದಿಕೆಯಿಂದ ಬರುವುದು ಮನುಷ್ಯನ ಒಟ್ಟು ಅನಿಲದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಕಡಮೆ. ಹಾಳಾಗುವ, ಚೆಲ್ಲುವ ಆಹಾರದಿಂದ ನೂರಕ್ಕೆ 8ರಿಂದ 10.

ಹಾಗೆಂದು ಹೊದಿಕೆಗಳೆಲ್ಲವೂ ನಿರ್ದೋಷಿಗಳೆಂದಲ್ಲ. ಬಾಟಲಿಯ ನೀರನ್ನು ನೋಡಿ. ನೀರನ್ನು ಯಾರೂ ಬಿತ್ತಿ ಬೆಳೆದವರಲ್ಲ. ಅಲ್ಲಿಯ ಭಾರವೆಲ್ಲ ಬಹುಮಟ್ಟಿಗೆ ಬಾಟಲಿಯದೂ ಸಾಗಾಟದ್ದೂ ಆಗಿದೆ. ಗಾಜು ಸುಮಾರು 1,500 ಡಿಗ್ರಿ ಉಷ್ಣದಲ್ಲಿ ಕರಗುವಂಥದು. ಒಮ್ಮೆ ಕುಡಿದು ಎಸೆದರೆ ಅದರಷ್ಟು ದುಬಾರಿ ಮತ್ತೊಂದಿಲ್ಲ. ಆದರೆ ಗೋಲಿಸೋಡಾದ ಶೀಷೆಯಂತೆ ಅಂಗಡಿಗೆ ಮರಳಿ ಮರಳಿ ಬಂದರೆ ಆ ಭಾರ ನೂರಾರು ಬಾಯಿಗಳಿಗೆ ಹಂಚಿಹೋಗುತ್ತದೆ. ಅಲ್ಯೂಮಿನಿಯಮ್ಮನ್ನು ಅದಿರಿನಿಂದ ತೆಗೆಯಲು ಬೇಕಾದ ಶಕ್ತಿಯಲ್ಲಿ, ಹಳೆಯ ಡಬ್ಬಿಯನ್ನು ಕರಗಿಸಿದರೆ ನೂರಕ್ಕೆ 95 ಪಾಲು ಉಳಿಯುತ್ತದೆ. 2004ರಲ್ಲಿ ರೈಲ್ವೆ ಸಚಿವರಾಗಿದ್ದ ಲಾಲೂ ಪ್ರಸಾದರು ನಿಲ್ದಾಣಗಳಿಗೆ ಮಣ್ಣಿನ ಕುಡಿಕೆಯನ್ನು ತಂದಾಗ ನಾವೆಲ್ಲ ಸಂತೋಷಪಟ್ಟೆವು. ಕುಂಬಾರನಿಗೆ ಕೂಳು ದೊರೆಯಿತೆಂಬುದು ನಿಜವೇ. ಆದರೆ ಒಂದು ಗುಟುಕು ಚಹಕ್ಕಾಗಿ ಆವಿಗೆಯಲ್ಲಿ ಉರಿದ ಸೌದೆಯೂ ನಿಜವೇ. ಬಾಳೆಲೆಯನ್ನೂ ನಗರದ ಕಸದ ಗುಡ್ಡದಲ್ಲಿ ಗಾಳಿಯಾಡದಂತೆ ಹೂತರೆ ಅದು ಕೊಳೆತು ಮೀಥೇನ್ ಆಗುತ್ತದೆ. ದನದ ಬಾಯಿಗೋ ಗೊಬ್ಬರದ ಗುಂಡಿಗೋ ಸಂದರೆ ಮಾತ್ರ ಅದರ ಬಾಳು ಸಾರ್ಥಕ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಬಿಡಲಾಗದು. ಅನಿಲದ ಲೆಕ್ಕ ಬೇರೆ, ಕಸದ ಲೆಕ್ಕ ಬೇರೆ. ಚರಂಡಿಯನ್ನು ಕಟ್ಟುವ, ದನದ ಹೊಟ್ಟೆಯನ್ನು ಸೇರುವ ಪ್ಲಾಸ್ಟಿಕ್ಕಿನ ಪಾಪ ಮೊದಲನೆಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. 2022ರ ಜುಲೈ 1ರಿಂದ ನಮ್ಮ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿದುದು ಎರಡನೆಯ ಲೆಕ್ಕದ ನ್ಯಾಯ. ಒಂದನ್ನು ಹಿಡಿದು ಇನ್ನೊಂದನ್ನು ಮರೆಯುವುದು ವಿವೇಕವಲ್ಲ.

ಆದುದರಿಂದ ಯಾವುದೇ ಹೊದಿಕೆಯನ್ನು ಕೈಗೆತ್ತಿಕೊಂಡಾಗ ಮೂರು ಪ್ರಶ್ನೆಗಳನ್ನು ಕೇಳುವುದು ಯುಕ್ತವೆಂದು ನನಗೆ ತೋರುತ್ತದೆ. ಇದು ಏನನ್ನು ಕಾಯುತ್ತಿದೆ? ಎಷ್ಟು ಸಲ ಮರಳಿ ಬರುತ್ತದೆ? ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ? ಹಾಲಿನ ತೊಟ್ಟೆ ಮೊದಲನೆಯದಕ್ಕೆ ತಲೆಯೆತ್ತಿ ಉತ್ತರ ಕೊಡುತ್ತದೆ, ಮೂರನೆಯದಕ್ಕೆ ತಲೆ ತಗ್ಗಿಸುತ್ತದೆ. ಸೋಡಾ ಶೀಷೆ ಎರಡನೆಯದರಲ್ಲಿ ಗೆಲ್ಲುತ್ತದೆ. ಒಂದು ಗಂಟೆಯ ಸಮಾರಂಭಕ್ಕೆ ತರಿಸುವ ನೀರಿನ ಪುಟ್ಟ ಬಾಟಲಿಗೆ ಮೂರಕ್ಕೂ ಉತ್ತರವಿಲ್ಲ. ಆ ಬಾಟಲಿಗಳನ್ನು ವೇದಿಕೆಯ ಮೇಲೆ ಸಾಲಾಗಿ ಜೋಡಿಸಿ ಪರಿಸರದ ಮೇಲೆ ಭಾಷಣ ಮಾಡುವ ನಮಗೂ ಇಲ್ಲ.